1 ಟಿಬಿ ಡಿಸ್ಕಿನಲ್ಲಿ 931 ಜಿಬಿ ಮಾತ್ರ ಏಕೆ?

ಪ್ರಶ್ನೆ (ಮುಧೋಳ, ಝೆರಾಕ್ಸ್ ಅಂಗಡಿ): ಸಾಹೇಬರೇ, ನಮಸ್ಕಾರ. ಹೋದ ವಾರ ತಂದ 1 ಟಿಬಿ ಹಾರ್ಡ್ ಡಿಸ್ಕನ್ನು ಜೋಡಿಸಿದರೆ ವಿಂಡೋಸ್ 931 ಜಿಬಿ ಮಾತ್ರ ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೇ? ಇಂಟರ್ನೆಟ್ಟೂ 100 ಎಂಬಿಯದು ಎಂದು ಹೇಳಿ ಹಾಕಿಸಿದ್ದಾರೆ. ಫೈಲು ಇಳಿಸುವಾಗ ಸೆಕೆಂಡಿಗೆ 12 ಎಂಬಿ ದಾಟುವುದಿಲ್ಲ.

ಉತ್ತರ (ವಿಜಯಪುರ, ಕಂಪ್ಯೂಟರ್ ದುರಸ್ತಿ): ನಮಸ್ಕಾರ. ಮೋಸವೇನೂ ಆಗಿಲ್ಲ. ನಮ್ಮ ಕಡೆ ಬಂಗಾರದ ತೊಲೆ ಎಂದರೆ ಅಂಗಡಿಯಲ್ಲಿ 10 ಗ್ರಾಂ, ಹಳೆಯ ಸರ್ಕಾರಿ ತೂಕದಲ್ಲಿ ಸುಮಾರು 11.66 ಗ್ರಾಂ; ಜಿಬಿಯದೂ ಅದೇ ಕಥೆ, ಹೆಸರು ಒಂದು, ಅಳತೆ ಎರಡು. ಡಿಸ್ಕ್ ತಯಾರಿಸುವವರು ಸಾವಿರ ಸಾವಿರವಾಗಿ ಎಣಿಸುವುದರಿಂದ ಅವರ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ (ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಅಳೆಯುವ ಸಣ್ಣ ಮಾನ). ವಿಂಡೋಸ್ ಸಾವಿರದ ಬದಲು 1024ರ ಲೆಕ್ಕ ಹಿಡಿಯುತ್ತದೆ. ಅದರ ಒಂದು ಜಿಬಿಯಲ್ಲಿ 107,37,41,824 ಬೈಟ್‌ಗಳಿರುತ್ತವೆ. ಲಕ್ಷ ಕೋಟಿಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ 931 ಬರುತ್ತದೆ. ಈ ಗೊಂದಲ ಬೇಡವೆಂದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿಯೇ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಹೆಸರುಗಳನ್ನು ಕೊಟ್ಟಿತು. ಆದರೆ ವಿಂಡೋಸ್ ಇಂದಿಗೂ ಜಿಬಿ ಎಂದೇ ಬರೆಯುತ್ತದೆ, ನನ್ನ ಗಿರಾಕಿಗಳಲ್ಲಿ ಗಿಬಿಬೈಟ್ ಎಂದು ಕೇಳಿ ಕೊಂಡವರು ಒಬ್ಬರೂ ಇಲ್ಲ. ಅನುಮಾನವಿದ್ದರೆ ಡ್ರೈವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. 931 ಜಿಬಿಯ ಪಕ್ಕದಲ್ಲಿಯೇ ಪೂರ್ಣ ಬೈಟ್‌ಗಳ ಸಂಖ್ಯೆ ಇರುತ್ತದೆ. ಅದರಲ್ಲಿ 13 ಅಂಕಿಗಳಿದ್ದರೆ ನಿಮ್ಮ ಮಾಲು ಸರಿಯಾಗಿದೆ.

ಇಂಟರ್ನೆಟ್ಟಿನದು ಬೇರೆ ವಿಷಯ. ಕಂಪನಿಯವರು ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲು ಇಳಿಸುವ ತಂತ್ರಾಂಶ ಬೈಟ್‌ನಲ್ಲಿ ತೋರಿಸುತ್ತದೆ. 8 ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ 100 ಮೆಗಾಬಿಟ್‌ಗೆ ಹೆಚ್ಚೆಂದರೆ 12.5 ಮೆಗಾಬೈಟ್ ಸಿಗಬೇಕು. ನಿಮಗೆ ಸಿಗುತ್ತಿರುವುದು ಪೂರ್ಣ ವೇಗವೇ. ಇಂಗ್ಲಿಷಿನ ಸಣ್ಣ ಬಿ ಇದ್ದರೆ ಬಿಟ್, ದೊಡ್ಡ ಬಿ ಇದ್ದರೆ ಬೈಟ್. ಜಾಹೀರಾತಿನಲ್ಲಿ ಇದನ್ನು ಕಣ್ಣಿಟ್ಟು ನೋಡಬೇಕು.

ಪ್ರಶ್ನೆ (ಜಮಖಂಡಿ, ಶಿಕ್ಷಕಿ): ಸರ್, ಹಾಗಾದರೆ ಒಂದು ಅಕ್ಷರಕ್ಕೆ ಒಂದು ಬೈಟ್ ಎಂದು ಮಕ್ಕಳಿಗೆ ಹೇಳಿಕೊಡುವುದು ಸರಿಯೇ?

ಉತ್ತರ: ಅಕ್ಕೋರೇ, ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಅಲ್ಲ. ನೋಟ್‌ಪ್ಯಾಡಿನಲ್ಲಿ ವಿಜಯಪುರ ಎಂದಷ್ಟೇ ಬರೆದು, ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಪದ್ಧತಿ) ಆಯ್ಕೆ ಮಾಡಿ ಉಳಿಸಿ, ಫೈಲಿನ ಗಾತ್ರ ನೋಡಿ: 21 ಬೈಟ್. ಕಣ್ಣಿಗೆ ಕಾಣುವುದು ಐದು ಅಕ್ಷರಗಳಾದರೂ ವಿ ಮತ್ತು ಪು ಎಂಬಲ್ಲಿರುವ ಗುಣಿತದ ಚಿಹ್ನೆಗಳನ್ನು ಕಂಪ್ಯೂಟರ್ ಬೇರೆಯಾಗಿ ಎಣಿಸುವುದರಿಂದ ಒಟ್ಟು ಏಳು ಸಂಕೇತಗಳಾಗುತ್ತವೆ, ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು. ಅದೇ ಊರಿನ ಹೆಸರನ್ನು ಇಂಗ್ಲಿಷಿನ ಹತ್ತು ಅಕ್ಷರಗಳಲ್ಲಿ ಬರೆದರೆ ಹತ್ತೇ ಬೈಟ್. ಮಕ್ಕಳಿಂದ ಅವರವರ ಹೆಸರನ್ನೇ ಬರೆಸಿ, ಗಾತ್ರವನ್ನು ಮೊದಲು ಬೆರಳೆಣಿಸಿ ಹೇಳಲು ಬಿಡಿ. ಕ್ಷ ಇರುವ ಹೆಸರಿನವರು ತಪ್ಪುತ್ತಾರೆ. ಕ, ಒತ್ತು ಕೂಡಿಸುವ ಚಿಹ್ನೆ, ಷ ಎಂದು ಮೂರು ಸಂಕೇತಗಳಾಗುವುದರಿಂದ ಅದೊಂದು ಒತ್ತಕ್ಷರಕ್ಕೇ ಒಂಬತ್ತು ಬೈಟ್.