ಎಫ್-150 ಮೇಲೆ 1,985 ಪೌಂಡಿನ ಕ್ಯಾಂಪರ್ ಕೂರಿಸಬಹುದಾ? ಪೊಲೀಸ್, ಇನ್ಶೂರೆನ್ಸ್ ತೊಂದರೆ ಗೊತ್ತಿದ್ದವರು ಹೇಳಿ

ಅರೋರಾ_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾವು ಕೊಲರಾಡೋದ ಅರೋರಾದಲ್ಲಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಗಾಡಿ 2018ರ ಫೋರ್ಡ್ ಎಫ್-150 ಪಿಕಪ್, ನಾಲ್ಕು ಬಾಗಿಲಿನದು, ಫೋರ್ ವ್ಹೀಲ್ ಡ್ರೈವ್, ಹಿಂದೆ ಸಾಮಾನು ಹೇರುವ ಬೆಡ್ ಆರೂವರೆ ಅಡಿ. ಈ ಬೇಸಿಗೆಗೆ ಯೂಟಾದ ಮೋಆಬ್ ಮತ್ತು ವೈಯೋಮಿಂಗ್‌ನ ಯೆಲ್ಲೋಸ್ಟೋನ್ ನೋಡಿ ಬರುವ ಆಸೆ.

ಪಿಕಪ್ ಬೆಡ್ ಮೇಲೆ ಕೂರಿಸುವ, ಪುಟ್ಟ ಮನೆಯಂಥ ಹಳೇ ಕ್ಯಾಂಪರ್ ಒಂದು ಒಳ್ಳೆ ಬೆಲೆಗೆ ಸಿಗುತ್ತಿದೆ. ಒಲೆ, ಫ್ರಿಜ್, ಎ.ಸಿ. ಎಲ್ಲ ಇದೆ. ಕ್ಯಾಬಿನ್ ಮೇಲೆ ಬರುವ ಭಾಗದಲ್ಲಿ ದೊಡ್ಡ ಹಾಸಿಗೆ. ಅದನ್ನು ಎಂಟು ಅಡಿ ಬೆಡ್‌ಗೆ ಅಂತ ಮಾಡಿದ್ದಾರೆ, ಆದರೆ ಹಿಂದಿನ ಟೇಲ್‌ಗೇಟ್ ತೆಗೆದರೆ ಕೂರುತ್ತದೆ ಎನ್ನುತ್ತಾರೆ ಮಾರುವವರು. ಅದರ ಸ್ಟಿಕ್ಕರ್‌ನಲ್ಲಿ ಖಾಲಿ ತೂಕ 1,985 ಪೌಂಡ್ ಎಂದಿದೆ. ನನ್ನ ಗಾಡಿಯ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಜನ ಮತ್ತು ಸಾಮಾನು ಸೇರಿ 1,640 ಪೌಂಡ್ ಮೀರಬಾರದು ಎಂದಿದೆ. ಇದನ್ನು ಕೇಳಿದರೆ "ಸ್ಪ್ರಿಂಗ್ ಪಕ್ಕ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿಬಿಡಿ, ಎಲ್ಲರೂ ಹೀಗೇ ಓಡಿಸೋದು" ಅಂದರು.

ನನ್ನ ಪ್ರಶ್ನೆ ಇಷ್ಟು. ದಾರಿಯಲ್ಲಿ ಪೊಲೀಸರು ತೂಕ ಹಾಕಿ ದಂಡ ಹಾಕುತ್ತಾರಾ? ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಸಿಗುತ್ತಾ? ಮಕ್ಕಳು ಮೇಲಿನ ಹಾಸಿಗೆಯಲ್ಲಿ ಮಲಗಿಕೊಂಡು ಬರಬಹುದಾ? ನಾವು ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು, ಅದಕ್ಕೇ ಕಾನೂನಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೆದರಿಕೆ.

ಸ್ಯಾಕ್ರಮೆಂಟೋ_ಮಾವ:

ಇಷ್ಟು ಯೋಚನೆ ಬೇಡಪ್ಪ. ನನ್ನದೂ ಎಫ್-150, ಕ್ಯಾಂಪರ್ ಸ್ವಲ್ಪ ಜಾಸ್ತಿ ತೂಕದ್ದೇ. ಏರ್ ಬ್ಯಾಗ್ ಹಾಕಿಸಿದ ಮೇಲೆ ಹಿಂದೆ ಕುಸಿಯುವುದೇ ಇಲ್ಲ, ಗಾಡಿ ಸಮನಾಗಿ ನಿಲ್ಲುತ್ತದೆ. ತೂಕ ಹಾಕುವ ಸ್ಟೇಷನ್‌ಗಳು ಲಾರಿಗಳಿಗೆ. ನಮ್ಮಂಥ ಮನೆ ಗಾಡಿಯನ್ನು ಹೈವೇ ಪೊಲೀಸರು ಇದುವರೆಗೆ ಕೇಳಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪರ್ ಒಳಗೆ ಜನ ಕೂರಬಹುದು ಕೂಡ. ಒಳಗಿಂದಲೂ ಹೊರಗಿಂದಲೂ ತೆಗೆಯುವಂಥ ಬಾಗಿಲು ಒಂದು ಇರಬೇಕು, ಅಷ್ಟೇ. ನಿಧಾನಕ್ಕೆ ಓಡಿಸಿ, ಏನೂ ಆಗಲ್ಲ.

ಸಾಗರದಕ್ಕ:

ಅರೋರಾ ಅವರೇ, ದಯವಿಟ್ಟು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ನಾನು ಫೋರ್ಟ್ ಕಾಲಿನ್ಸ್‌ನಲ್ಲಿ ಇನ್ಶೂರೆನ್ಸ್ ಕ್ಲೇಮ್ ವಿಭಾಗದಲ್ಲಿ ಹಲವು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಮನೆಯಲ್ಲೂ ಕ್ಯಾಂಪರ್ ಇದೆ. ಅದನ್ನು ಹೊರುವುದು ಹಿಂದೆ ನಾಲ್ಕು ಚಕ್ರ ಇರುವ ಎಫ್-350.

ಮೊದಲು ಲೆಕ್ಕ. ಕ್ಯಾಂಪರ್ ಸ್ಟಿಕ್ಕರ್‌ನ 1,985ರಲ್ಲಿ ಸಾಮಾನ್ಯವಾಗಿ ನೀರು, ಗ್ಯಾಸ್, ಬ್ಯಾಟರಿ ಸೇರಿರುವುದಿಲ್ಲ. ಆಮೇಲೆ ಹಾಕಿಸಿದ ಎ.ಸಿ., ಹೊರಗಿನ ಚಪ್ಪರ ಎಷ್ಟೋ ಸಲ ಸೇರಿರುವುದಿಲ್ಲ. ಅವೆರಡಕ್ಕೆ 150 ಪೌಂಡ್ ಹಿಡಿಯಿರಿ. ಒಂದು ಗ್ಯಾಲನ್ ನೀರು 8.34 ಪೌಂಡ್, 30 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 250 ಪೌಂಡ್. ಗ್ಯಾಸ್ ತುಂಬಿದ ಚಿಕ್ಕ ಸಿಲಿಂಡರ್ 38. ಬ್ಯಾಟರಿ 60. ನೀವು ನಾಲ್ಕು ಜನಕ್ಕೆ 520 ಅಂದುಕೊಳ್ಳೋಣ. ಬಟ್ಟೆ, ಪಾತ್ರೆ, ಅಕ್ಕಿ ಬೇಳೆ, ಕುರ್ಚಿ, ಮಕ್ಕಳ ಸೈಕಲ್‌ಗೆ 300. ಕೂಡಿಸಿದರೆ 3,303 ಪೌಂಡ್. ನಿಮ್ಮ ಗಾಡಿಗೆ ಬಿಟ್ಟಿರುವುದು 1,640. ಎರಡು ಪಟ್ಟು ದಾಟಿತು. ಇದು ಸ್ವಲ್ಪ ಹೆಚ್ಚು ಕಡಿಮೆ ಅನ್ನುವ ಮಾತಲ್ಲ.

ಬಾಗಿಲ ಹತ್ತಿರ ಇನ್ನೊಂದು ಸ್ಟಿಕ್ಕರ್ ಇರುತ್ತದೆ, ಅದನ್ನೂ ನೋಡಿ. ಅದರಲ್ಲಿ ಜಿ.ವಿ.ಡಬ್ಲ್ಯು.ಆರ್. ಅಂತ ಒಂದು ಸಂಖ್ಯೆ, ಎಲ್ಲ ಸೇರಿ ಗಾಡಿ ಎಷ್ಟು ತೂಗಬಹುದು ಅಂತ. ಅದರ ಜೊತೆ ಜಿ.ಎ.ಡಬ್ಲ್ಯು.ಆರ್. ಅಂತ ಎರಡು ಸಂಖ್ಯೆ, ಮುಂದಿನ ಆಕ್ಸಲ್ (ಎರಡು ಬದಿಯ ಚಕ್ರ ಜೋಡಿಸುವ ಅಚ್ಚು) ಎಷ್ಟು ಹೊರಬಹುದು, ಹಿಂದಿನದು ಎಷ್ಟು ಅಂತ. ಕ್ಯಾಂಪರ್ ವಿಷಯದಲ್ಲಿ ಮೊದಲು ಸೋಲುವುದು ಹಿಂದಿನ ಆಕ್ಸಲ್.

ಸ್ಯಾಕ್ರಮೆಂಟೋ ಮಾವ, ನೀವು ಹಿರಿಯರು, ಬೇಜಾರು ಮಾಡಿಕೊಳ್ಳಬೇಡಿ. ಏರ್ ಬ್ಯಾಗ್ ಬಗ್ಗೆ ನಿಮ್ಮ ಮಾತು ಒಪ್ಪಲು ಆಗುವುದಿಲ್ಲ. ಅದು ಗಾಡಿಯ ಹಿಂಭಾಗ ಎತ್ತಿ ಹಿಡಿಯುತ್ತದೆ, ನಿಜ. ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಚಕ್ರ, ಫ್ರೇಮ್ ಯಾವುದೂ ಬದಲಾಗಿಲ್ಲ. ಏರ್ ಬ್ಯಾಗ್ ತಯಾರಿಸುವವರೇ ಇದರಿಂದ ಗಾಡಿಯ ತೂಕದ ಮಿತಿ ಏರುವುದಿಲ್ಲ ಎಂದು ಬರೆದಿರುತ್ತಾರೆ. ಎಫ್-150ರಲ್ಲಿ ಹಿಂದಿನ ಆಕ್ಸಲ್ ಸೆಮಿ-ಫ್ಲೋಟಿಂಗ್. ಅಂದರೆ ಚಕ್ರ ತಿರುಗಿಸುವ ರಾಡೇ ಭಾರವನ್ನೂ ಹೊರುತ್ತದೆ. ಅದು ಮುರಿದರೆ ಚಕ್ರವೇ ಹೊರಗೆ ಬರಬಹುದು. ಎಫ್-250, 350ರಲ್ಲಿ ಫುಲ್-ಫ್ಲೋಟಿಂಗ್, ಭಾರ ಹೊರುವುದು ಹೊರಗಿನ ಕೊಳವೆ, ರಾಡಿನ ಕೆಲಸ ತಿರುಗಿಸುವುದು ಮಾತ್ರ. ಬ್ಯಾಗ್ ಹಾಕಿದ ಮೇಲೆ ಗಾಡಿ ಸಮನಾಗಿ ಕಾಣುತ್ತದಲ್ಲ, ನನಗೆ ಅದೇ ಭಯ. ಕುಸಿದ ಗಾಡಿ ನೋಡಿದರೆ ಭಾರ ಜಾಸ್ತಿ ಆಯ್ತು ಅಂತ ಯಾರಿಗಾದರೂ ಗೊತ್ತಾಗುತ್ತೆ. ಬ್ಯಾಗ್ ಹಾಕಿದರೆ ಆ ಸುಳಿವೂ ಹೋಯಿತು.

ಟೈರ್ ಬಗ್ಗೆ ಒಂದು ಮಾತು. ಬದಿಯಲ್ಲಿ ಗಾತ್ರದ ಮುಂದೆ "ಪಿ" ಅಕ್ಷರ ಇದ್ದರೆ ಅದು ಕಾರಿನ ಮಾದರಿ ಟೈರ್. ಅದನ್ನು ಪಿಕಪ್‌ಗೆ ಹಾಕಿದಾಗ ಅದರ ಮೇಲಿನ ಭಾರದ ಸಂಖ್ಯೆಯನ್ನು 1.10ರಿಂದ ಭಾಗಿಸಬೇಕು, ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕ್ಯಾಂಪರ್ ಹೊರುವವರು "ಎಲ್‌ಟಿ" (ಲೈಟ್ ಟ್ರಕ್) ಟೈರ್, ಹೆಚ್ಚು ಭಾರ ತಡೆಯುವ ಲೋಡ್ ರೇಂಜ್ ಇ ದರ್ಜೆಯದು ಹಾಕಿಸುತ್ತಾರೆ. ಹಾಗಂತ ಟೈರ್ ಬದಲಾಯಿಸಿದರೂ ಆಕ್ಸಲ್ ಮಿತಿ ಏರುವುದಿಲ್ಲ.

ಈಗ ನಿಮ್ಮ ದಾರಿ ಯೋಚಿಸಿ. ಮೋಆಬ್‌ಗೆ ಐ-70 ಹೈವೇ ಹಿಡಿಯುತ್ತೀರಿ. ಐಸೆನ್‌ಹವರ್ ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿಂದ ಸಿಲ್ವರ್‌ಥಾರ್ನ್‌ವರೆಗೆ ಕೆಲವೇ ಮೈಲಿಯಲ್ಲಿ ಎರಡು ಸಾವಿರ ಅಡಿಗಿಂತ ಜಾಸ್ತಿ ಇಳಿಯಬೇಕು. ಬ್ರೇಕ್ ಹೋದ ಲಾರಿಗಳಿಗೆ ಅಂತಲೇ ಅಲ್ಲಿ ಪಕ್ಕದಲ್ಲಿ ಜಲ್ಲಿ ತುಂಬಿದ ರ‍್ಯಾಂಪ್ ಮಾಡಿದ್ದಾರೆ. ಗಾಡಿಯ ಬ್ರೇಕ್ ಪರೀಕ್ಷೆ ಆಗಿರುವುದು ಜಿ.ವಿ.ಡಬ್ಲ್ಯು.ಆರ್. ತೂಕದವರೆಗೆ. ಅದರ ಮೇಲೆ ಒಂದೂವರೆ ಸಾವಿರ ಪೌಂಡ್ ಹೇರಿಕೊಂಡು ಇಳಿದರೆ ಏನಾಗುತ್ತೆ ಅಂತ ಯಾರೂ ನಿಮಗೆ ಭರವಸೆ ಕೊಟ್ಟಿಲ್ಲ. ಮೇಲಾಗಿ ಎಂಟು ಅಡಿ ಕ್ಯಾಂಪರ್ ಆರೂವರೆ ಅಡಿ ಬೆಡ್ ಮೇಲೆ ಕೂತರೆ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅದು ಹಿಂದಿನ ಆಕ್ಸಲ್‌ಗಿಂತ ಮುಂದೆಯೇ ಬೀಳಬೇಕು. ಹಿಂದೆ ಹೋದರೆ ಮುಂದಿನ ಚಕ್ರ ಹಗುರವಾಗುತ್ತದೆ. ತಿರುಗಿಸುವುದು ಆ ಚಕ್ರಗಳೇ, ಬ್ರೇಕ್ ಹೆಚ್ಚು ಹಿಡಿಯುವುದೂ ಅವೇ. ಕ್ಯಾಂಪರ್ ಬದಿಯಲ್ಲಿ ಭಾರದ ಕೇಂದ್ರ ತೋರಿಸುವ ಗುರುತು ಇರುತ್ತದೆ, ಟೇಪ್ ಹಿಡಿದು ಅಳೆಯಿರಿ.

ಯೆಲ್ಲೋಸ್ಟೋನ್‌ಗೆ ವೈಯೋಮಿಂಗ್‌ನ ಐ-80 ಮೇಲೆ ಹೋದರೆ ಎಲ್ಕ್ ಮೌಂಟನ್ ಹತ್ತಿರ ಗಾಳಿ. ಎತ್ತರದ, ಹಗುರ ಗಾಡಿಗಳಿಗೆ ಅಲ್ಲಿ ಆಗಾಗ ರಸ್ತೆ ಮುಚ್ಚುತ್ತಾರೆ. ಕುಗ್ಗಿದ ಸ್ಪ್ರಿಂಗ್ ಮೇಲೆ ಅಷ್ಟು ಎತ್ತರದ ಡಬ್ಬಿ ಹೊತ್ತುಕೊಂಡು ಆ ಗಾಳಿಗೆ ಅಡ್ಡ ಹೋಗುವುದನ್ನು ನಾನು ನನ್ನ ಶತ್ರುವಿಗೂ ಹೇಳುವುದಿಲ್ಲ.

ಕಾನೂನಿಗೆ ಬರೋಣ. ದಾರಿಯಲ್ಲಿ ಹಿಡಿಯುವ ಸಾಧ್ಯತೆ ಕಡಿಮೆ, ಮಾವ ಹೇಳಿದ್ದರಲ್ಲಿ ಇದು ನಿಜ. ಇಂಟರ್‌ಸ್ಟೇಟ್ ಮೇಲೆ ಒಂದು ಆಕ್ಸಲ್‌ಗೆ ಫೆಡರಲ್ ಮಿತಿ 20,000 ಪೌಂಡ್. ಪಿಕಪ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆ ಮಿತಿ ರಸ್ತೆ ಹಾಳಾಗಬಾರದು ಅಂತ ಮಾಡಿದ್ದು. ನಿಮ್ಮ ಬಾಗಿಲಿನ ಸಂಖ್ಯೆ ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ್ದು. ಆದರೂ ಅಸುರಕ್ಷಿತ ಗಾಡಿ ಅನ್ನಿಸಿದರೆ ಪೊಲೀಸರು ನಿಲ್ಲಿಸಬಹುದು, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ನಿಜವಾದ ತೊಂದರೆ ಶುರುವಾಗುವುದು ಆಕ್ಸಿಡೆಂಟ್ ಆದ ಮೇಲೆ. ಗಾಯಗೊಂಡವರ ವಕೀಲರು ಮೊದಲು ತೆಗೆಸುವುದು ನಿಮ್ಮ ಬಾಗಿಲಿನ ಸ್ಟಿಕ್ಕರ್ ಫೋಟೋ. ಆಮೇಲೆ ಕ್ಯಾಂಪರ್ ಸ್ಟಿಕ್ಕರ್. ಎರಡನ್ನೂ ಪಕ್ಕಪಕ್ಕ ಇಟ್ಟರೆ ಜ್ಯೂರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಿತಿ ಬರೆದಿತ್ತು, ನೋಡಿದ್ದರು, ಆದರೂ ಓಡಿಸಿದರು. ನಿರ್ಲಕ್ಷ್ಯ ಅನ್ನುವುದಕ್ಕೆ ಇಷ್ಟು ಸಾಕು. ಎದುರಿನವರಿಗೆ ಆದ ನಷ್ಟಕ್ಕೆ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುತ್ತದೆ, ಆದರೆ ಪಾಲಿಸಿಯ ಮಿತಿಯವರೆಗೆ ಮಾತ್ರ. ಕೊಲರಾಡೋದಲ್ಲಿ ಕಡ್ಡಾಯ ಕನಿಷ್ಠ ಮಿತಿ ಒಬ್ಬರ ಗಾಯಕ್ಕೆ 25,000 ಡಾಲರ್, ಒಂದು ಆಕ್ಸಿಡೆಂಟ್‌ಗೆ ಒಟ್ಟು 50,000, ಆಸ್ತಿ ನಷ್ಟಕ್ಕೆ 15,000. ಹೆಲಿಕಾಪ್ಟರ್‌ನಲ್ಲಿ ಡೆನ್ವರ್‌ಗೆ ಒಯ್ದು ಒಂದು ಸರ್ಜರಿ ಮಾಡಿದರೆ ಆ 25,000 ಉಳಿಯುವುದೇ ಇಲ್ಲ. ಉಳಿದದ್ದಕ್ಕೆ ನಿಮ್ಮ ಉಳಿತಾಯ, ನಿಮ್ಮ ಮನೆ. ಆ ಕ್ಯಾಂಪರ್ ಅನ್ನು ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿಲ್ಲದಿದ್ದರೆ ಅದರ ಹಾನಿಗೂ ದುಡ್ಡು ಬರುವುದು ಕಷ್ಟ. ಗಾಡಿ ವಾರಂಟಿಯಲ್ಲೂ ಓವರ್‌ಲೋಡ್ ಅಂತ ತಳ್ಳಿಹಾಕಬಹುದು.

ಎಚ್-1ಬಿ ಬಗ್ಗೆ ಕೇಳಿದಿರಿ. ಕೇರ್‌ಲೆಸ್ ಡ್ರೈವಿಂಗ್ ನಮ್ಮ ರಾಜ್ಯದಲ್ಲಿ ಬರೀ ಟಿಕೆಟ್ ಅಲ್ಲ, ಸಣ್ಣ ಮಟ್ಟದ ಅಪರಾಧ ಎನಿಸುವ ಮಿಸ್‌ಡಿಮೀನರ್. ಯಾರಿಗಾದರೂ ಗಾಯವಾಗಿದ್ದರೆ ಇನ್ನೂ ಗಂಭೀರ. ಸ್ಟಾಂಪಿಂಗ್‌ಗೆ ಊರಿಗೆ ಹೋಗುವಾಗ ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಯಾವುದೇ ಅಪರಾಧಕ್ಕೆ ಅರೆಸ್ಟ್ ಅಥವಾ ಶಿಕ್ಷೆ ಆಗಿದೆಯಾ ಎಂದು ಕೇಳುತ್ತಾರೆ. ಅಂಥದ್ದೇನಾದರೂ ಆದರೆ ಮೊದಲು ವಲಸೆ ವಕೀಲರನ್ನು ಕಾಣಿ.

ಮಕ್ಕಳನ್ನು ಮೇಲೆ ಮಲಗಿಸುವುದು ಬೇಡವೇ ಬೇಡ. ಕೆಲವು ರಾಜ್ಯ ಬಿಡುತ್ತದೆ, ಕೆಲವು ಬಿಡುವುದಿಲ್ಲ, ನಿಮ್ಮ ಪ್ರವಾಸದಲ್ಲೇ ಮೂರು ರಾಜ್ಯ ಬರುತ್ತದೆ. ಕಾನೂನು ಬಿಟ್ಟರೂ ಆ ಹಾಸಿಗೆಗೆ ಬೆಲ್ಟ್ ಇಲ್ಲ. ಜೋರಾಗಿ ಬ್ರೇಕ್ ಒತ್ತಿದರೆ ಮಗು ಮುಂದಿನ ಗೋಡೆಗೆ ಹೋಗಿ ಹೊಡೆಯುತ್ತದೆ. ಆ ಗೋಡೆ ತೆಳು ಪ್ಲೈವುಡ್ ಮತ್ತು ತಗಡು. ಮಕ್ಕಳು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು. ಇದರಲ್ಲಿ ಎರಡು ಮಾತಿಲ್ಲ.

ಪರ್ತ್_ಗೌಡ:

ಆಸ್ಟ್ರೇಲಿಯಾದಿಂದ ಒಂದೆರಡು ಮಾತು. ಇಲ್ಲಿ ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್ ಪಿಕಪ್‌ಗಳ ಮೇಲೆ ಇಂಥದ್ದೇ ಕ್ಯಾಂಪರ್ ಕೂರಿಸುತ್ತಾರೆ. ಇಲ್ಲಿ ಆ ಮಿತಿಗೆ ಜಿವಿಎಂ ಅಂತಾರೆ. ಅದನ್ನು ಮೀರಿ ಓಡಿಸುವುದೇ ಅಪರಾಧ, ಮನೆ ಗಾಡಿಗೂ ಬಿಡುವುದಿಲ್ಲ. ಭಾರ ಹಿಂದೆ ಜಾಸ್ತಿಯಾಗಿ, ಹಳ್ಳ ದಿಣ್ಣೆ ರಸ್ತೆಯಲ್ಲಿ ಓಡಿಸಿ, ಕ್ಯಾಬಿನ್ ಮತ್ತು ಟ್ರೇ (ಹಿಂದಿನ ಬೆಡ್) ನಡುವೆ ಚಾಸಿ ಬಗ್ಗಿದ ಗಾಡಿಗಳು ಇಲ್ಲಿ ಹೊಸದಲ್ಲ. ಏರ್ ಬ್ಯಾಗ್ ಹಾಕಿದವರಲ್ಲೂ ಆಗಿದೆ, ಏಕೆಂದರೆ ಬ್ಯಾಗ್ ಎಲ್ಲ ಭಾರವನ್ನೂ ಫ್ರೇಮಿನ ಒಂದೇ ಜಾಗಕ್ಕೆ ಒತ್ತುತ್ತದೆ.

ಇಲ್ಲಿ ಒಂದು ಅನುಕೂಲ ಇದೆ. ಮಂಜೂರಾದ ಕಿಟ್ ಹಾಕಿಸಿ, ಸರ್ಟಿಫಿಕೇಟ್ ಮಾಡಿಸಿ, ಹೊಸ ಪ್ಲೇಟ್ ಬಡಿಸಿದರೆ ಜಿವಿಎಂ ಕಾನೂನು ಪ್ರಕಾರವೇ ಏರುತ್ತದೆ. ಅಮೆರಿಕದಲ್ಲಿ ಹಾಗೆ ಇದೆಯಾ ಅಕ್ಕ?

ಸಾಗರದಕ್ಕ:

ಇಲ್ಲಪ್ಪ. ಇಲ್ಲಿ ಆ ಸಂಖ್ಯೆ ಕೊಡುವವರು ತಯಾರಕರು. ಹೊಸ ಗಾಡಿ ಮೊದಲ ಸಲ ಮಾರಾಟವಾಗುವ ಮುಂಚೆ ಮಾರ್ಪಾಡು ಮಾಡಿ, ಜವಾಬ್ದಾರಿ ಹೊತ್ತು ಹೊಸ ಸ್ಟಿಕ್ಕರ್ ಅಂಟಿಸುವ ಕಂಪನಿಗಳಿವೆ. ನಾವು ಓಡಿಸುತ್ತಿರುವ ಗಾಡಿಗೆ ಸ್ಪ್ರಿಂಗ್ ಸೇರಿಸಿ ಸಂಖ್ಯೆ ಬದಲಾಯಿಸಿಕೊಳ್ಳುವ ದಾರಿ ಇಲ್ಲ. ಚಾಸಿ ಮಾತು ಹೇಳಿದ್ದು ಒಳ್ಳೆಯದಾಯಿತು.

ಸ್ಯಾಕ್ರಮೆಂಟೋ_ಮಾವ:

ಆಕ್ಸಲ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನನ್ನ ಗಾಡಿಯನ್ನು ಎಲ್ಲಿ ತೂಕ ಹಾಕಿಸಲಿ?

ಸಾಗರದಕ್ಕ:

ಹೈವೇ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಗಾಡಿ ತೂಗುವ ಯಂತ್ರ ಇರುತ್ತದೆ ಮಾವ. ಪೈಲಟ್, ಲವ್ಸ್‌ನಂಥ ಕಡೆ ನೋಡಿ. ಮುಂದಿನ ಚಕ್ರ ಮೊದಲ ಹಲಗೆ ಮೇಲೆ, ಹಿಂದಿನದು ಎರಡನೇ ಹಲಗೆ ಮೇಲೆ ನಿಲ್ಲಿಸಿ. ಎರಡೂ ಆಕ್ಸಲ್ ಬೇರೆ ಬೇರೆ ಬರುತ್ತದೆ. ಹದಿನೈದು ಡಾಲರ್ ಆಸುಪಾಸು ಖರ್ಚು. ಪ್ರವಾಸಕ್ಕೆ ಹೊರಡುವ ದಿನ ಇರುವಂತೆಯೇ ಹೋಗಿ, ನೀರು, ಪೆಟ್ರೋಲ್ ತುಂಬಿಸಿ, ಅತ್ತೆಯವರನ್ನೂ ಕೂರಿಸಿಕೊಂಡು.

ಅರೋರಾ_ಕನ್ನಡಿಗ:

ಅಕ್ಕ, ತುಂಬಾ ಉಪಕಾರ ಆಯಿತು. ಕ್ಯಾಂಪರ್ ಇಲ್ಲದೆ, ನಾವು ನಾಲ್ಕೂ ಜನ ಕೂತು, ಟ್ಯಾಂಕ್ ತುಂಬಿಸಿ ತೂಕ ಹಾಕಿಸಿದೆ. ಮುಂದೆ 3,310, ಹಿಂದೆ 2,700, ಒಟ್ಟು 6,010 ಪೌಂಡ್. ನನ್ನ ಜಿ.ವಿ.ಡಬ್ಲ್ಯು.ಆರ್. 7,050, ಹಿಂದಿನ ಆಕ್ಸಲ್ ಮಿತಿ 3,800. ಅಂದರೆ ಉಳಿದಿರುವುದು 1,040 ಮಾತ್ರ. ಆ ಕ್ಯಾಂಪರ್ ಬೇಡ ಅಂತ ಫೋನ್ ಮಾಡಿ ಹೇಳಿದೆ. ಮೇಲಕ್ಕೆ ಬಿಚ್ಚಿಕೊಳ್ಳುವ ಹಗುರದ ಪಾಪ್-ಅಪ್ ಕ್ಯಾಂಪರ್ ಆದರೂ ಆಗುತ್ತಾ? ಮಕ್ಕಳಿಗೆ ಮಾತು ಕೊಟ್ಟಿದ್ದೇನೆ.

ಸಾಗರದಕ್ಕ:

ಗಂಡ ಹೆಂಡತಿ ಇಬ್ಬರೇ ಆಗಿದ್ದರೆ ಪಾಪ್-ಅಪ್ ನೋಡಿ ಅನ್ನುತ್ತಿದ್ದೆ. ಅವೂ ಸಾವಿರ ಪೌಂಡ್ ಆಸುಪಾಸಿನಿಂದ ಶುರು. ನೀರು, ಗ್ಯಾಸ್, ಸಾಮಾನು ಸೇರಿದರೆ ನಾಲ್ಕು ಜನ ಕೂತ ನಿಮ್ಮ ಗಾಡಿಯಲ್ಲಿ ಜಾಗ ಉಳಿಯುವುದಿಲ್ಲ.

ನಿಮಗೆ ಸರಿ ಹೋಗುವುದು ಚಿಕ್ಕ ಟ್ರೇಲರ್. ಅದರ ಭಾರ ಅದರ ಚಕ್ರದ ಮೇಲೆಯೇ ಇರುತ್ತದೆ. ನಿಮ್ಮ ಗಾಡಿ ಮೇಲೆ ಬೀಳುವುದು ನೂರಕ್ಕೆ ಹತ್ತರಿಂದ ಹದಿನೈದು ಪಾಲು. ತುಂಬಿದಾಗ 4,000 ಪೌಂಡ್ ಆಗುವ ಟ್ರೇಲರ್ ಆದರೆ 400ರಿಂದ 600. ಟ್ರೇಲರ್ ಜೋಡಿಸುವ, ಭಾರ ಹಂಚುವ ಹಿಚ್‌ಗೆ ಇನ್ನೊಂದು 100 ಹಿಡಿಯಿರಿ. ನಿಮ್ಮ 1,040ರಲ್ಲಿ ಕಡಿಮೆಯೆಂದರೆ 340 ಉಳಿಯುತ್ತದೆ, ಬೆಡ್‌ನಲ್ಲಿ ಸೈಕಲ್, ಸೌದೆ ಹಾಕಿಕೊಳ್ಳಬಹುದು. ಕೊಲರಾಡೋದಲ್ಲಿ 3,000 ಪೌಂಡ್ ಮತ್ತು ಅದಕ್ಕಿಂತ ಭಾರದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ಗಾಡಿಯಲ್ಲಿ ಆ ಬ್ರೇಕ್ ಹಿಡಿಸುವ ಕಂಟ್ರೋಲರ್ ಇದೆಯಾ ನೋಡಿಕೊಳ್ಳಿ, ಹಿಚ್ ಮೇಲಿನ ಸ್ಟಿಕ್ಕರ್ ಕೂಡ ಓದಿ.

ಟ್ರೇಲರ್ ನೋಡಲು ಹೋದಾಗ ಅದರ ತೂಕದ ಸ್ಟಿಕ್ಕರ್ ಮತ್ತು ಟೈರ್ ಬದಿಯ ಫೋಟೋ ಎರಡೂ ಇಲ್ಲಿ ಹಾಕಿ. ದುಡ್ಡು ಕೊಡುವ ಮುಂಚೆ ಕೂತು ಲೆಕ್ಕ ನೋಡೋಣ.