ವೀಕ್ಷಣಾ ಗೋಪುರವೋ, ಅಟ್ಟಣೆಯೋ? ಮತ್ತೆ ‘ಬ್ಲೆಂಡ್’ ಆಗೋದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ರಕ್ಷಿತ ಕಾಡು, ಕಣಿವೆಗಳಲ್ಲಿ ಜನ ಹತ್ತಿ ನೋಡೋದಕ್ಕೆ ಅಂತ ವಾಚ್‌ಟವರ್ ಕಟ್ಟುತ್ತಾರಲ್ಲ, ಅದು ಸುತ್ತಲಿನ ನೋಟವನ್ನೇ ಕೆಡಿಸದ ಹಾಗೆ ಕಟ್ಟೋದು ಹೇಗೆ ಅನ್ನುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಆ ಕಟ್ಟಡಕ್ಕೆ ಏನನ್ನಬೇಕು ಅನ್ನೋದು ಒಂದು. ಅದು ಸುತ್ತಲಿನದರಲ್ಲಿ ‘ಬ್ಲೆಂಡ್’ ಆಗೋದಕ್ಕೆ ಏನನ್ನಬೇಕು ಅನ್ನೋದು ಇನ್ನೊಂದು. ಎರಡನೆಯದೇ ಜಾಸ್ತಿ ಕಾಡುತ್ತಿದೆ.

ಬೋರ್ಡುಗಳಲ್ಲಿ, ಪತ್ರಿಕೆಗಳಲ್ಲಿ ‘ವೀಕ್ಷಣಾ ಗೋಪುರ’ ಅಂತ ಬರೆಯುತ್ತಾರೆ. ಎಲ್ಲರಿಗೂ ಅರ್ಥವಾಗುತ್ತದೆ, ತಕರಾರಿಲ್ಲ. ಆದರೆ ಗೋಪುರ ಅಂದ ಕೂಡಲೇ ಕಣ್ಣ ಮುಂದೆ ಬರೋದು ಹಂಪಿಯ ವಿರೂಪಾಕ್ಷ ಗುಡಿಯದ್ದು, ಇಲ್ಲಾಂದ್ರೆ ಮುರ್ಡೇಶ್ವರದ 20 ಅಂತಸ್ತಿನ ರಾಜಗೋಪುರ. ಹರದಾರಿ ದೂರದಿಂದಲೇ ಕಾಣಲಿ, ನೋಡಿದವರು ಅಲ್ಲಿಂದಲೇ ಕೈ ಮುಗಿಯಲಿ ಅಂತ ಕಟ್ಟಿದವು ಅವು. (ಮುರ್ಡೇಶ್ವರದಲ್ಲಿ ಲಿಫ್ಟ್ ಹತ್ತಿ ಮೇಲಿಂದ ಸಮುದ್ರ ನೋಡುತ್ತಾರೆ. ಹಾಗೆ ನೋಡಿದರೆ ವೀಕ್ಷಣಾ ಗೋಪುರ ಅನ್ನೋ ಹೆಸರು ಸಲ್ಲಬೇಕಾದ್ದು ಅದಕ್ಕೇ!) ಕಣ್ಣಿಗೆ ಬೀಳದ ಹಾಗೆ ಕಟ್ಟೋದಕ್ಕೂ ಗೋಪುರವೇ ಅಂದರೆ ಹೇಗೆ?

ಬುರುಜು ಅನ್ನಬಹುದಾ ಅಂತ ನೋಡಿದೆ. ವಿಜಯಪುರದ ಉಪ್ಲಿ ಬುರುಜು 1584ರ ಹೊತ್ತಿನದು, ಸುಮಾರು 80 ಅಡಿ ಎತ್ತರ, ಹೊರಮೈಯನ್ನೇ ಸುತ್ತಿಕೊಂಡು ಮೆಟ್ಟಿಲು, ಮೇಲೆ ಫಿರಂಗಿ. ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಹುಡೇವು ಅನ್ನುತ್ತಾರೆ, ಅದೂ ಊರ ಕಾವಲಿಗೆ ಕಟ್ಟಿದ್ದು. ಎರಡೂ ಒಳ್ಳೆಯ ಮಾತುಗಳು, ಆದರೆ ಶತ್ರು ಬರುತ್ತಾನೆ ಅನ್ನೋ ಭಯ ಅವುಗಳ ಒಳಗೇ ಇದೆ. ಮಚಾನು ಅಂದರೆ ಬೇಟೆ, ಬಂದೂಕು, ಕೆಳಗೆ ಕಟ್ಟಿದ ಮೇಕೆ ನೆನಪಾಗುತ್ತದೆ. ಹುಲಿ ಕಾಪಾಡೋ ಜಾಗದಲ್ಲಿ ಆ ಹೆಸರು ಬೇಡ ಅನಿಸಿತು.

ನನ್ನ ಓಟು ಅಟ್ಟಣೆಗೆ. ಹೊಲದಲ್ಲಿ ರಾತ್ರಿ ಹಂದಿ ಕಾಯೋದಕ್ಕೆ ನಾಲ್ಕು ಗಳ ನೆಟ್ಟು, ಅಡ್ಡ ಬೊಂಬು ಕಟ್ಟಿ, ಮೇಲೆ ಒಂದಿಷ್ಟು ಸೋಗೆ ಹೊದಿಸುತ್ತಾರಲ್ಲ, ಅದು. ಕೆಳಗೆಲ್ಲ ಖಾಲಿ, ಗಾಳಿ ಬೆಳಕು ಆಚೆಯಿಂದ ಈಚೆಗೆ ದಾಟುತ್ತದೆ. ಬಳಸಿದ್ದೆಲ್ಲ ಅಲ್ಲೇ ಸುತ್ತಮುತ್ತ ಸಿಕ್ಕಿದ್ದು. ಈಗಿನ ಆರ್ಕಿಟೆಕ್ಟ್‌ಗಳು ಹೇಳೋದೂ ಇದನ್ನೇ ಅಲ್ವಾ? ಬುಡ ದಪ್ಪ ಮಾಡಬೇಡಿ, ಗುಡ್ಡದ ನೆತ್ತಿ ಬಿಟ್ಟು ಸ್ವಲ್ಪ ಕೆಳಗೆ ನಿಲ್ಲಿಸಿ, ಆಗ ಬೆನ್ನಿಗೆ ಆಕಾಶದ ಬದಲು ಮರ ಇರುತ್ತದೆ ಅಂತ. ಮಲೆನಾಡಿನ ಕೆಲವು ಕಡೆ ಇದಕ್ಕೆ ಮಾಳ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಜೋಳದ ಹೊಲದ ನಡುವೆ ನಿಂತು ಹಕ್ಕಿಗೆ ಕವಣೆ ಬೀಸೋದಕ್ಕೆ ಮಂಚಿಕೆ. ಅಟ್ಟಣೆ ತೀರಾ ಹಳ್ಳಿಮಾತು ಅನ್ನುವವರಿಗೆ ಒಂದು ಮಾತು: ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಗೋಡೆಯ ಮೇಲಿನ ಕಾವಲು ಕಟ್ಟಡಕ್ಕೆ ಅಟ್ಟಾಲಕ ಅಂತಲೇ ಇದೆ.

ಆದರೆ ಈ ಬರಹದ ಮುಖ್ಯ ಉದಾಹರಣೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನದು. ಅದು ಕಲ್ಲಿನದು. ದಕ್ಷಿಣ ಅಂಚಿನಲ್ಲಿರುವ ಡೆಸರ್ಟ್ ವ್ಯೂ ವಾಚ್‌ಟವರ್, 1932ರಲ್ಲಿ ಮುಗಿದದ್ದು, 70 ಅಡಿ. ವಿನ್ಯಾಸ ಮೇರಿ ಕೋಲ್ಟರ್ ಅವರದು. ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ಮಾತ್ರ ಕಲ್ಲು. ಆ ಕಲ್ಲಿಗೆ ಉಳಿ ಮುಟ್ಟಿಸಲಿಲ್ಲ. ಬಿಸಿಲು, ಗಾಳಿಗೆ ಮೈಯೊಡ್ಡಿ ಬಣ್ಣ ತಿರುಗಿದ ಮುಖ ಕೆತ್ತಿದರೆ ಹೋಗುತ್ತದೆ, ಹೊಸ ಕಲ್ಲಿನ ಬಿಳುಪು ಕಾಣುತ್ತದೆ, ಹಾಗಾಗಿ ಆಕಾರ ಹೊಂದುವ ಕಲ್ಲನ್ನೇ ಆರಿಸಿ ಆರಿಸಿ ಕೂರಿಸಿದರು. ಇಲ್ಲಿ ಮಾತ್ರ ನನಗೆ ಪದ ಹುಡುಕುವ ಕಷ್ಟವೇ ಬರಲಿಲ್ಲ: ನಮ್ಮ ಗಾರೆ ಕೆಲಸದವರ ‘ಕಾಡುಗಲ್ಲು’ ಇದೆ, ಕೆತ್ತಿದ್ದಕ್ಕೆ ‘ಸೈಜುಗಲ್ಲು’ ಇದೆ. ‘ಸೈಜುಗಲ್ಲು ಬೇಡ, ಕಾಡುಗಲ್ಲಲ್ಲೇ ಕಟ್ಟಿ’ ಅಂದರೆ ಮುಗೀತು.

ಈಗ ‘ಬ್ಲೆಂಡ್’ ವಿಷಯ. ಬೆರೆಯೋದು ಅಂದರೆ ಹಾಲು ನೀರಿನ ಮಾತಾಯಿತು. ಹೊಂದಿಕೊಳ್ಳೋದು ಅಂದರೆ ಸೊಸೆ ಗಂಡನ ಮನೆಗೆ ಹೊಂದಿಕೊಂಡ ಹಾಗೆ, ಏನೋ ಸಹಿಸಿಕೊಂಡ ಧ್ವನಿ. ಛದ್ಮವೇಷ ಅಂತ ಒಬ್ಬರು ಸೂಚಿಸಿದರು, ನನಗೆ ನೆನಪಾದದ್ದು ಶಾಲೆಯ ವಾರ್ಷಿಕೋತ್ಸವ. ಮರೆ ಒಳ್ಳೆಯ ಮಾತು, ಆದರೆ ಅದರ ಜಾಗವೇ ಬೇರೆ. ಹಕ್ಕಿ ನೋಡೋದಕ್ಕೆ ಕೆರೆ ದಂಡೆಯಲ್ಲಿ ಕಂಡಿ ಬಿಟ್ಟು ಕಟ್ಟುವ ಗೂಡಿಗೆ ಮರೆ ಸರಿ, ಅಲ್ಲಿ ಹಕ್ಕಿಗೆ ನಾವು ಕಾಣಲೇಬಾರದು. ಕೋಲ್ಟರ್ ಕಟ್ಟಿದ್ದು ಮರೆಯಾಗೋದಿಲ್ಲ. ಕಣಿವೆಯ ಅಂಚಲ್ಲೇ ಎದ್ದು ನಿಂತಿದೆ, ಚೆನ್ನಾಗಿ ಕಾಣುತ್ತದೆ. ಆದರೂ ಆ ನೆಲಕ್ಕೆ ಒಪ್ಪುತ್ತದೆ. ನನಗೆ ಸಿಕ್ಕ ಪದ ಇದೇ, ಒಪ್ಪು. ಈ ಸೀರೆ ನಿನಗೆ ಒಪ್ಪುತ್ತೆ ಅನ್ನುತ್ತೇವಲ್ಲ, ಆ ಒಪ್ಪು. ಅಮೆರಿಕದ್ದೇ ಗ್ರೇಟ್ ಸ್ಮೋಕಿ ಮೌಂಟನ್ಸ್ ಬೆಟ್ಟಸಾಲಿನಲ್ಲಿ, ಆಗ ಕ್ಲಿಂಗ್‌ಮನ್ಸ್ ಡೋಮ್ ಅಂತಿದ್ದು ಈಗ ಕುವೋಹಿ ಆಗಿರುವ ಶಿಖರದ ಮೇಲೆ, 1959ರಲ್ಲಿ ಉದ್ದನೆಯ ಕಾಂಕ್ರೀಟ್ ಇಳಿಜಾರು ಸುತ್ತಿಸಿ 45 ಅಡಿಯ ಟವರ್ ಕಟ್ಟಿದರು. ಎತ್ತರ ಕಮ್ಮಿ, ಆದರೂ ಆ ಜಾಗಕ್ಕೆ ಒಪ್ಪೋದಿಲ್ಲ ಅಂತ ಟೀಕೆ ಬಂತು. ಹಾಗಾಗಿ ಸದ್ಯಕ್ಕೆ ‘ನೆಲಕ್ಕೊಪ್ಪುವ ಅಟ್ಟಣೆ’ ಅಂತ ಬರೆದಿಟ್ಟುಕೊಂಡಿದ್ದೇನೆ. ಕಲ್ಲಿನದಕ್ಕೂ ಅಟ್ಟಣೆ ಅಂದರೆ ಕಿವಿಗೆ ಒಗ್ಗುತ್ತದಾ, ಅದನ್ನು ನೀವೇ ಹೇಳಬೇಕು.

ಬಣ್ಣದ್ದೂ ಒಂದು ಇದೆ. ಕಾಡಿನಲ್ಲಿ ಹಸಿರು ಬಳಿದರೆ ಆಯಿತು ಅಂತ ನಮ್ಮಲ್ಲಿ ಗಿಳಿಹಸಿರು ಬಳಿದುಬಿಡುತ್ತಾರೆ, ಅದು ಮೈಲಿ ದೂರಕ್ಕೆ ಹೊಳೆಯುತ್ತದೆ. ಎಲೆಗಳ ನಡುವೆ ನೆರಳು ಇರೋದರಿಂದ ಕಾಡು ನಾವು ಅಂದುಕೊಂಡಿದ್ದಕ್ಕಿಂತ ಕಪ್ಪು. ಅಮೆರಿಕದ ಭೂ ನಿರ್ವಹಣಾ ಇಲಾಖೆ ಹಿನ್ನೆಲೆಗಿಂತ ಒಂದೆರಡು ಛಾಯೆ ಗಾಢವಾದ ಬಣ್ಣ ಆರಿಸಿ ಅನ್ನುತ್ತದೆ, ಅದಕ್ಕೊಂದು ಬಣ್ಣದ ಪಟ್ಟಿಯನ್ನೇ ಮಾಡಿದೆ. ಅದರಲ್ಲಿ ‘ಶ್ಯಾಡೋ ಗ್ರೇ’, ‘ಕೋವರ್ಟ್ ಗ್ರೀನ್’ ಅಂತೆಲ್ಲ ಹೆಸರು. ಮೊದಲನೆಯದಕ್ಕೆ ನೆರಳುಬೂದಿ ಅಂದುಕೊಂಡೆ. ಎರಡನೆಯದಕ್ಕೆ ಪಾಚಿಹಸಿರು ಹತ್ತಿರ ಬರುತ್ತದೆ, ಆದರೆ ‘ಕೋವರ್ಟ್’ ಅನ್ನೋದರಲ್ಲಿರುವ ಕದ್ದು ಕೂತ ಭಾವ ಬರಲಿಲ್ಲ.

ತುಕ್ಕೇ ಹೊದಿಕೆಯಾಗಿ ಒಳಗಿನ ಲೋಹವನ್ನು ಕಾಯುವ ಕಾರ್ಟೆನ್ ಉಕ್ಕಿಗೆ ‘ತುಕ್ಕುಗಾಪಿನ ಉಕ್ಕು’ ಅಂತ ಮಾಡಿದ್ದೇನೆ. ಕಿಲುಬು ಅನ್ನೋ ಹಾಗಿಲ್ಲ, ಅದು ತಾಮ್ರ ಹಿತ್ತಾಳೆಯದು. (ಮಲೆನಾಡಿಗೆ ಇದನ್ನು ತರಬೇಡಿ ಮಾರಾಯ್ರೆ, ಒಮ್ಮೆ ನೆನೆದು ಒಮ್ಮೆ ಒಣಗಿದರೆ ಮಾತ್ರ ಆ ಪದರ ಗಟ್ಟಿಯಾಗೋದು. ನಾಲ್ಕು ತಿಂಗಳು ಬಿಡದೆ ನೆನೆದರೆ ಸುಮ್ನೆ ತಿಂದುಕೊಂಡೇ ಹೋಗುತ್ತದೆ.)

ಕರಾವಳಿ, ಕೊಡಗಿನ ಕಡೆಯವರು ಗದ್ದೆ ಕಾಯುವ ಈ ಎತ್ತರದ ಕಟ್ಟೋಣಕ್ಕೆ ಏನನ್ನುತ್ತೀರಿ? ಮಾಳ ಅಂದರೆ ನಿಮ್ಮಲ್ಲಿ ನೆಲದ ಮೇಲಿನ ಗುಡಿಸಲೋ, ಕಂಬದ ಮೇಲಿನದೋ? ಮತ್ತೆ ‘ಕೋವರ್ಟ್ ಗ್ರೀನ್’ಗೆ ಯಾರಿಗಾದರೂ ಏನಾದರೂ ಹೊಳೆದರೆ ಬರೀರಿ.