ಮರು: ಮರು: ಕ್ಲೈಮ್ಯಾಕ್ಸ್ ನಡುವೆಯೇ ಬಂದರೆ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಐದು ಪದ ಬೇಕು, ನಾಳೆ ಬೆಳಿಗ್ಗೆ ಹತ್ತರೊಳಗೆ. ಶನಿವಾರ ನಮ್ಮ ಸಿನಿಮಾ ಬಳಗದಲ್ಲಿ, ಬಾಹ್ಯಾಕಾಶದಲ್ಲಿ ಸಿಕ್ಕಿಬಿದ್ದವಳ ಚಿತ್ರ ‘ಗ್ರಾವಿಟಿ’ (2013) ತೋರಿಸಿ ಮಾತಾಡುವುದಿದೆ. ಜರ್ಮನ್ ಲೇಖಕ ಗುಸ್ಟಾವ್ ಫ್ರೈಟಾಗ್ ನಾಟಕದ ಕಥೆ ಏರಿ ಇಳಿಯುವುದನ್ನು ತೋರಿಸಲು 1863ರಲ್ಲಿ ಹೇಳಿದ ಐದಂಕದ ಗೋಪುರವನ್ನು ಫ್ಲೆಕ್ಸಿನ ಮೇಲೆ ಬರೆದು, ಪ್ರತಿ ಹಂತದ ಎದುರು ಚಿತ್ರದ ಒಂದು ತುಣುಕು ಹಾಕಬೇಕು. ಸದ್ಯಕ್ಕೆ ಬರೆದುಕೊಂಡದ್ದು: ಪೀಠಿಕೆ, ಏರಿಕೆ, ಕ್ಲೈಮ್ಯಾಕ್ಸ್, ಪತನ, ದುರಂತ.

ಕೊನೆಯ ಮೂರೂ ಕೈಕೊಡುತ್ತಿವೆ. ಕ್ಲೈಮ್ಯಾಕ್ಸ್ ಅಂದರೆ ನಮ್ಮವರಿಗೆ ಕೊನೆಯ ಹತ್ತು ನಿಮಿಷದ ಹೊಡೆದಾಟ. ಫ್ರೈಟಾಗನ ತುದಿ ಮೂರನೇ ಅಂಕದಲ್ಲಿ, ನಟ್ಟನಡುವೆ ಇದೆ. ‘ಪತನ’ ಅಂದರೆ ಹಾಳಾಗಿ ಹೋಗುವುದು. ಈ ಚಿತ್ರದಲ್ಲಿ ನಾಯಕಿ ಭೂಮಿಗೆ ಬೀಳುವುದೇ ಅವಳ ಪಾಲಿನ ಬಿಡುಗಡೆ! ಕೊನೆಗೆ ಕೆರೆಯಿಂದ ಈಜಿ ಬಂದು ದಡದ ಕೆಸರಿನಲ್ಲಿ ಎದ್ದು ನಿಲ್ಲುತ್ತಾಳೆ. ಅದಕ್ಕೆ ‘ದುರಂತ’ ಅಂತ ಬರೆದರೆ ಜನ ನಗುತ್ತಾರೆ.

— ಸು., ಶಿವಮೊಗ್ಗ

*

ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕುವ ಚಟ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ನಾಟ್ಯಶಾಸ್ತ್ರದ ಭರತ ನಾಟಕದ ಕಥೆಯನ್ನು ಭಾಗಿಸಿದ ಪಂಚಸಂಧಿಗಳು. ಐದಕ್ಕೆ ಐದು. ಇದರ ಮೇಲೆ ಚರ್ಚೆ ಅನಗತ್ಯ.

— ನಾ., ಮೈಸೂರು

*

ಮೇಷ್ಟ್ರೇ, ಕ್ಷಮಿಸಿ. ‘ವಿಮರ್ಶ’ ನೋಡಿದವರು ಚಿತ್ರವಿಮರ್ಶೆ ಅಂದುಕೊಳ್ಳುತ್ತಾರೆ. ‘ಸಂಧಿ’ ಅಂದರೆ ಲೋಪ, ಆಗಮ, ಆದೇಶ. ಓದಿಕೊಂಡವರಾದರೆ ಕುಮಾರವ್ಯಾಸನ ಅಧ್ಯಾಯ. ‘ಗರ್ಭ’ದ ಬಗ್ಗೆ ನಾನು ಹೇಳಬೇಕಾಗಿಲ್ಲ.

— ಸು.

*

ಹೇಳಬೇಕಾಗಿಲ್ಲ ಎಂದ ಮೇಲೆ ಹೇಳಬಾರದಿತ್ತು. ಅಂಥವರಿಗೆ ಪಾಠ ಮಾಡುವುದಕ್ಕೇ ಅಲ್ಲವೇ ಶನಿವಾರದ ಸಭೆ?

— ನಾ.

*

ಸಂಸ್ಕ್ರುತದ ಒರೆಗಳನ್ನು ಮತ್ತೆ ಮತ್ತೆ ಯಾಕೆ ಹೇರುತ್ತೀರಿ? ತೊಡಗು, ಏರು, ನೆತ್ತಿ, ಇಳಿ, ಮುಗಿವು. ಅಯ್ದೂ ಚಿಕ್ಕವು, ಅಯ್ದೂ ನಮ್ಮವು. ಓಡುತಿಟ್ಟದ (ಸಿನಿಮಾದ) ಹೆಸರನ್ನೂ ‘ಸೆಳೆತ’ ಎಂದೇ ಬರೆಯಿರಿ. ‘ಗುರುತ್ವಾಕರ್ಶಣೆ’ ಎಂದು ಹೇಳುವ ಹೊತ್ತಿಗೆ ಆ ಹೆಂಗಸು ನೆಲಕ್ಕೆ ಬಿದ್ದಾಗಿರುತ್ತದೆ.

— ಕೆ., ಬೆಂಗಳೂರು

*

ಸಣ್ಣ ಸೇರಿಕೆ. ‘ಅಂಕ’ ಎಂಬುದನ್ನು ಎಲ್ಲರೂ ಸಂಸ್ಕೃತದ್ದೆಂದು ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ಕೋಳಿ ಅಂಕ ಇದೆ. ಹಳಗನ್ನಡದಲ್ಲಿ ಅಂಕಕಾರನೆಂದರೆ ಕಾದುವವನು. ನಾಟಕದ ಅಂಕವೂ ಇಬ್ಬರು ಎದುರುಬದುರಾಗುವ ಕಣವೇ ಯಾಕಾಗಿರಬಾರದು? ಹಾಗಿದ್ದರೆ ಐದಂಕವೆಂದರೆ ಐದು ಸುತ್ತಿನ ಕಾಳಗ.

— ಪ., ಉಡುಪಿ

*

ಆಗಿರಬಾರದು.

— ನಾ.

*

ಅಣ್ಣಾರ, ಅಕ್ಕಾರ, ನೀವೆಲ್ಲಾ ಸೇರಿ ಆ ಫ್ಲೆಕ್ಸ್ ಆಗಾಕ ಬಿಡಂಗಿಲ್ಲ ಅನಸ್ತದ. ಟಾಕೀಜಿನ್ಯಾಗ ಇಪ್ಪತ್ತು ವರ್ಷ ರೀಲ್ ತಿರುವಿದಾಂವ ನಾ ಹೇಳ್ತೀನಿ ಕೇಳ್ರಿ. ನಟ್ಟನಡುವ ಬರೋ ದೊಡ್ಡ ಏಟಿಗೆ ನಮ್ಮ ಕಡೆ ಹೆಸರು ಐತಿ: ಇಂಟರ್‌ವಲ್. ಕಥಿ ಮಾಡೋರು ‘ಇಂಟರ್‌ವಲ್‌ಗೆ ಏನ್ ಇಡೋಣ’ ಅಂತನ ಕೇಳ್ತಾರ. ಆ ಜರ್ಮನ್ ಮನಿಷಾ ಹೇಳಿದ್ದೂ ಅದನ. ಬರೀರಿ, ಮಂದಿಗೆ ತಟ್ಟನ ತಿಳೀತದ.

— ಬ., ಹುಬ್ಬಳ್ಳಿ

*

ಇದುವರೆಗಿನ ಉತ್ತರಗಳಲ್ಲಿ ಹುಬ್ಬಳ್ಳಿಯವರದೇ ಕೆಲಸಕ್ಕೆ ಬರುವಂಥದ್ದು. ಆದರೂ ಇಂಟರ್‌ವಲ್ ಎಂದರೆ ಬಿಡುವು. ಫ್ರೈಟಾಗನ ನಡುಭಾಗದಲ್ಲಿ ಉಸಿರು ಬಿಡುವುದಕ್ಕೂ ಪುರುಸೊತ್ತಿಲ್ಲ.

ಮೇಷ್ಟ್ರಿಗೆ ಒಂದು ತಕರಾರು. ಐದು ಸಂಧಿ, ಐದು ಅಂಕ, ಆದ್ದರಿಂದ ಎರಡೂ ಒಂದೇ ಎನ್ನುವುದು ಲೆಕ್ಕವಲ್ಲ. ಸಂಸ್ಕೃತದ ನಾಟಕಕ್ಕೆ ಐದರಿಂದ ಹತ್ತರವರೆಗೆ ಎಷ್ಟು ಅಂಕವಾದರೂ ಇರಬಹುದು, ಶಾಕುಂತಲಕ್ಕೆ ಏಳು. ಹರ್ಷನ ‘ರತ್ನಾವಳಿ’ ನಾಟಿಕೆ, ಅಂದರೆ ಚಿಕ್ಕ ನಾಟಕ, ಅದಕ್ಕೆ ನಾಲ್ಕೇ. ನಾಟಕಲಕ್ಷಣದ ಗ್ರಂಥ ದಶರೂಪಕದ ವ್ಯಾಖ್ಯಾನ ಸಂಧಿಗಳಿಗೆ ಮತ್ತೆ ಮತ್ತೆ ಉದಾಹರಣೆ ಕೊಡುವುದು ಅದೇ ರತ್ನಾವಳಿಯಿಂದ. ನಮ್ಮ ಸಿಂಗರಾರ್ಯ ತನ್ನ ಕನ್ನಡ ನಾಟಕ ‘ಮಿತ್ರವಿಂದಾ ಗೋವಿಂದ’ಕ್ಕೆ ಹಿಡಿದದ್ದೂ ಅದನ್ನೇ. ಅಂಕ ರಂಗದ ಪರದೆಗೆ ಸಂಬಂಧಿಸಿದ್ದು, ಸಂಧಿ ಕಥೆಯ ಒಳಗಿನ ಕೀಲು. ರೋಮನ್ ಕವಿ ಹೊರೇಸ್ ನಾಟಕಕ್ಕೆ ಐದೇ ಅಂಕ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದಾಗ ಅವನ ತಲೆಯಲ್ಲಿದ್ದದ್ದು ಕೀಲಲ್ಲ.

ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ಫ್ರೈಟಾಗ್ ಅಳೆಯುವುದು ನಾಯಕನ ಅದೃಷ್ಟವನ್ನು, ಅದು ಏರಿ ಬೀಳಲೇಬೇಕು. ಮುಖ್ಯವಾಗಿ ರುದ್ರನಾಟಕ ನೋಡಿ ಕಟ್ಟಿದ ಗೋಪುರ ಅದು. ಭರತ ಅಳೆಯುವುದು ಫಲವನ್ನು: ಬೀಜ ಮೊಳೆಯಿತೇ, ಕಂಡು ಮರೆಯಾಯಿತೇ, ಕೈಗೆ ಬಂತೇ. ಸು. ಅವರ ಚಿತ್ರಕ್ಕೆ ಹೊಂದುವುದು ಎರಡನೆಯದೇ. ಹಬಲ್ ದೂರದರ್ಶಕದ ರಿಪೇರಿಯಲ್ಲಿ ಆರಂಭ. ಒಡೆದ ಉಪಗ್ರಹದ ಚೂರುಗಳು ಬಂದು ನೌಕೆಯನ್ನೇ ನುಚ್ಚುಮಾಡಿದ ಮೇಲೆ ಬದುಕಿ ಮರಳುವುದೊಂದೇ ಫಲ. ಬಾಹ್ಯಾಕಾಶ ನಿಲ್ದಾಣ ಸಿಕ್ಕಿತು ಎನ್ನುವಷ್ಟರಲ್ಲಿ ಜೊತೆಗಾರ ಕೈತಪ್ಪಿದ, ಒಳಗೆ ಬೆಂಕಿ ಬಿತ್ತು: ಕಂಡದ್ದು ಕಳೆಯಿತು, ಗರ್ಭಸಂಧಿ. ರಷ್ಯದ ನೌಕೆ ಸೊಯೂಜ್‌ನಲ್ಲಿ ಇಂಧನವಿಲ್ಲ, ಆಮ್ಲಜನಕ ಕಡಿಮೆ ಮಾಡಿಕೊಂಡು ಕಣ್ಣು ಮುಚ್ಚುತ್ತಾಳೆ. ಸತ್ತ ಜೊತೆಗಾರ ಭ್ರಮೆಯಾಗಿ ಒಳಗೆ ಬಂದು, ನೆಲಕ್ಕಿಳಿಯಲು ಇಟ್ಟ ರಾಕೆಟ್ಟನ್ನೇ ಮುಂದೆ ಹೋಗಲು ಬಳಸು ಅನ್ನುತ್ತಾನೆ. ಫಲ ಬೇಕೇ ಬೇಡವೇ ಎಂದು ತೂಗಾಡುವ ಈ ಜಾಗಕ್ಕೆ ‘ವಿಮರ್ಶ’ಕ್ಕಿಂತ ಒಪ್ಪುವ ಹೆಸರು ನನಗೆ ತೋಚುವುದಿಲ್ಲ.

ಆದರೆ ಫ್ಲೆಕ್ಸಿನ ಮೇಲೆ ಇರುವುದು ಫ್ರೈಟಾಗ್. ಅವನ ಹೆಸರಿನ ಕೆಳಗೆ ಭರತನ ಪದ ಹಾಕಿದರೆ ಇಬ್ಬರಿಗೂ ಅನ್ಯಾಯ.

ಹಾಗಾಗಿ ಅವನನ್ನೇ ಕೇಳೋಣ. ಮೂರನೆಯದು ‘ಹೋಹೆಪುಂಕ್ಟ್’, ಎತ್ತರದ ಬಿಂದು, ಅಷ್ಟೇ. ಕ್ಲೈಮ್ಯಾಕ್ಸ್ ಎಂಬುದು ಆಮೇಲೆ ಇಂಗ್ಲಿಷಿನವರು ಅಂಟಿಸಿದ್ದು; ಗ್ರೀಕಿನಲ್ಲಿ ಅದಕ್ಕೆ ಏಣಿ ಎಂದರ್ಥ, ಏಣಿಯ ತುದಿ ಎಂದಲ್ಲ. ನಾಲ್ಕನೆಯದಕ್ಕೆ ಅವನೇ ಎರಡು ಹೆಸರಿಟ್ಟಿದ್ದಾನೆ: ‘ಬೀಳು ಅಥವಾ ಹಿಂತಿರುಗು’. ಪತನ ಕೈಬಿಟ್ಟು ಎರಡನೆಯದನ್ನು ಹಿಡಿಯಿರಿ. ಐದನೆಯ ‘ಕಟಾಸ್ಟ್ರೋಫ್’ ಈಗ ನಮ್ಮ ಕಿವಿಗೆ ಭೂಕಂಪ, ಪ್ರವಾಹ. ಆದರೆ ನಾಲ್ಕನೇ ಶತಮಾನದಲ್ಲಿ ರೋಮಿನ ಟೆರೆನ್ಸನ ನಾಟಕಗಳಿಗೆ ಟೀಕೆ ಬರೆದ ಇವಾಂಥಿಯಸ್ ಅದನ್ನು ಸುಖದ ಕಡೆಗಿನ ತಿರುವು ಎಂದೇ ವಿವರಿಸುತ್ತಾನೆ, ಅವನ ಎದುರಿಗಿದ್ದದ್ದು ಹಾಸ್ಯನಾಟಕ. ಆದ್ದರಿಂದ ‘ದುರಂತ’ ಎಂದು ಬರೆಯುವ ಹಂಗು ನಿಮಗಿಲ್ಲ.

ನನ್ನ ಸಲಹೆ: ಪೀಠಿಕೆ, ಏರಿಕೆ, ನೆತ್ತಿ, ಮರಳಿಕೆ, ಮುಕ್ತಾಯ. ‘ಮರಳಿಕೆ’ಯಲ್ಲಿ ಕಥೆಯೂ ತಿರುಗುತ್ತದೆ, ಆಕೆಯೂ ಭೂಮಿಗೆ ಮರಳುತ್ತಾಳೆ.

— ವಿ., ಧಾರವಾಡ

*

‘ನೆತ್ತಿ’ ತೆಗೆದುಕೊಂಡಿದ್ದಕ್ಕೆ ನನ್ನಿ. ‘ಪೀಟಿಕೆ’, ‘ಮುಕ್ತಾಯ’ ಇನ್ನೂ ಬಾಡಿಗೆಯವೇ. ಮನೆಯಲ್ಲಿ ಇರುವಾಗ ಬಾಡಿಗೆ ಯಾಕೆ?

— ಕೆ.

*

ಮನೆ, ಬಾಡಿಗೆ ಎಂಬ ಉಪಮೆಯೇ ತಪ್ಪು. ಪಂಪ ಸಂಸ್ಕೃತಕ್ಕೆ ಬಾಡಿಗೆ ಕಟ್ಟಿದನೇ? ‘ಪೀಠಿಕೆ’ಗೆ ಇದ್ದ ಒಂದು ಠಕಾರವನ್ನೂ ಕಿತ್ತುಕೊಂಡಿರಿ. ಹೀಗೇ ಮುಂದುವರಿದರೆ ನಾಳೆ ನಮ್ಮ ಮಕ್ಕಳಿಗೆ ಕುಮಾರವ್ಯಾಸನನ್ನು ಅನುವಾದಿಸಿ ಕೊಡಬೇಕಾಗುತ್ತದೆ.

— ನಾ.

*

ಈಗಲೂ ಟಿಪ್ಪಣಿ ಇಲ್ಲದೆ ಎಶ್ಟು ಮಂದಿ ಓದುತ್ತಾರೆ? ಅದಕ್ಕೆ ಕಾರಣ ನನ್ನ ಬರವಣಿಗೆಯೇ?

— ಕೆ.

*

ಇನ್ನೊಂದು ಸೇರಿಕೆ. ‘ಅಂಕಣ’ವನ್ನೂ ಪರಿಶೀಲಿಸಬಹುದು. ಅಂಕ, ಕಣ ಎರಡೂ ಸೇರಿ...

— ಪ.

*

ಪರಿಶೀಲಿಸುವುದು ಬೇಡ.

— ನಾ.

*

ಎಲ್ಲರಿಗೂ ವಂದನೆ. ಫೈಲ್ ಕಳಿಸಿಬಿಟ್ಟೆ: ಪೀಠಿಕೆ, ಏರಿಕೆ, ನೆತ್ತಿ, ಮರಳಿಕೆ, ಮುಕ್ತಾಯ. ನೆತ್ತಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಂಟರ್‌ವಲ್ ಹೊತ್ತಿಗೆ’ ಅಂತಲೂ ಹಾಕಿದ್ದೇನೆ, ಹುಬ್ಬಳ್ಳಿ ಅಣ್ಣನವರ ಮರ್ಯಾದೆಗೆ. ಚಿತ್ರ 91 ನಿಮಿಷದ್ದು, ನಾವು ಇಂಟರ್‌ವಲ್ ಬಿಡುವುದಿಲ್ಲ. ಭರತನ ಐದು ಸಂಧಿಗಳನ್ನು ಮಾತಿನಲ್ಲಿ ಹೇಳುತ್ತೇನೆ ಮೇಷ್ಟ್ರೇ, ಮಾತು ಕೊಟ್ಟೆ.

— ಸು.

*

ನೆತ್ತಿಗೆ ಎಣ್ಣೆ ಹಚ್ಚುತ್ತಾರಮ್ಮ, ನಾಟಕಕ್ಕಲ್ಲ. ಸಂಧಿಗಳ ಜೊತೆ ಅರ್ಥಪ್ರಕೃತಿಗಳನ್ನೂ, ಅಂದರೆ ಕಥೆಯನ್ನು ಫಲದತ್ತ ಒಯ್ಯುವ ಅಂಶಗಳನ್ನೂ, ಬಿಡದೆ ಹೇಳಿ. ಅವುಗಳಲ್ಲಿ ನೀರಿನ ಮೇಲೆ ಎಣ್ಣೆಯ ಹನಿ ಹರಡಿದಂತೆ ಹರಡುವುದಕ್ಕೆ ‘ಬಿಂದು’ ಎನ್ನುತ್ತಾರೆ. ಅದಕ್ಕೆ ಅಚ್ಚಗನ್ನಡ ಹುಡುಕಲು ಹೋಗಬೇಡಿ.

— ನಾ.

*

ಹನಿ. ಎಣ್ಣೆಯೂ ನಮ್ಮದೇ, ಎಳ್ಳು ಮತ್ತು ನೆಯ್ ಸೇರಿ ಆದದ್ದು.

— ಕೆ.